ಸಾಕಿ ಕಳಿಸುವ ಮನೆಗಳು

ಸ್ಮರಣ ಸಂಚಿಕೆಗೆ ಸಂಸ್ಥೆಯ ಇತಿಹಾಸ ಬರೆದುಕೊಡಿ ಎಂದು ಬಳಗದವರು ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಸಂಸ್ಥೆಯೆಂದರೆ ಕಟ್ಟಡ ಇರಬೇಕು, ಬಾಗಿಲ ಪಕ್ಕ ಶಂಕುಸ್ಥಾಪನೆಯ ಕಲ್ಲಿರಬೇಕು, ಒಳಗೆ ಗಂಧದ ಹಾರ ಹಾಕಿದ ಸ್ಥಾಪಕರ ಪಟ ಇರಬೇಕು. ನಮ್ಮಲ್ಲಿ ಅವು ಯಾವುವೂ ಇಲ್ಲ. ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಲ್ಲಿ ಕೆಲವು ಮನೆಗಳಿವೆ. ಆ ಮನೆಗಳ ಬಚ್ಚಲಲ್ಲೋ ಬಾಲ್ಕನಿಯಲ್ಲೋ ಮಂಚದಡಿಯಲ್ಲೋ ಸದ್ಯಕ್ಕೆ ತಂಗಿರುವ ಪುಟ್ಟ ನಾಯಿಗಳಿವೆ. ಜೊತೆಗೆ ರಟ್ಟು ಕಿತ್ತುಹೋದ ಒಂದು ಉದ್ದನೆಯ ನೋಟ್‌ಬುಕ್ ಇದೆ. ಬಂದ ದಿನ, ಸಿಕ್ಕ ಜಾಗ, ತೂಕ, ಯಾರ ಮನೆಯಲ್ಲಿ, ಹೋದ ದಿನ ಎಂದು ಐದು ಕಾಲಂ. ನಮ್ಮ ಇತಿಹಾಸವೆಲ್ಲ ಆ ಐದು ಕಾಲಂಗಳಲ್ಲಿದೆ, ಅದರಲ್ಲೂ ಕೊನೆಯದರಲ್ಲಿ.

ತೂಕದ ಕಾಲಂನಲ್ಲಿ ಹತ್ತು ಕಿಲೋ ದಾಟಿದ ಅಂಕಿ ಅಪರೂಪ. ಸಣ್ಣ ನಾಯಿಗಳ ಮೇಲೆ ನಮಗೇನೋ ವಿಶೇಷ ಮೋಹ ಎಂದು ಹೊರಗಿನವರು ತಿಳಿಯುತ್ತಾರೆ. ಅಸಲು ವಿಷಯ ಬೇರೆ: ನಮ್ಮ ಮನೆಗಳೇ ಸಣ್ಣವು. ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಗ್ರೇಟ್ ಡೇನ್ ತಂದಿಟ್ಟುಕೊಳ್ಳಲಾಗದು. ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬರಬಹುದಾದ ನಾಯಿ ಮಾತ್ರ ನಮ್ಮ ಪಾಲಿಗೆ.

ನಾಯಿಯನ್ನು ಸ್ಮರಿಸುವುದು ಕನ್ನಡದವರಿಗೆ ಹೊಸತಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ವೀರಗಲ್ಲೊಂದಿದೆ. ಸುಮಾರು ಕ್ರಿ.ಶ. 950ರ ಕಲ್ಲು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನಾನು ಆ ಕಲ್ಲಿನ ಮುಂದೆ ಎಷ್ಟೋ ಸಲ ನಿಂತಿದ್ದೇನೆ, ಪ್ರತಿ ಸಲವೂ ಒಂದು ತಕರಾರು ಹುಟ್ಟುತ್ತದೆ. ಹಂದಿ ಕೊಂದರೆ ಕಲ್ಲು ಸಿಗುತ್ತದೆ, ಸರಿ. ಏನನ್ನೂ ಕೊಲ್ಲದ, ಯಾವ ತೋಟವನ್ನೂ ಕಾಯದ, ಸೋಫಾದ ಮೇಲೆ ಮಲಗಿ ಗೊರಕೆ ಹೊಡೆಯುವುದನ್ನು ಬಿಟ್ಟು ಬೇರೆ ಕಸುಬಿಲ್ಲದ ನಾಲ್ಕು ಕಿಲೋ ನಾಯಿಗೆ ಏನು ಸಿಗುತ್ತದೆ? ಅದು ಮುದ್ದಾಗಿದ್ದಷ್ಟು ದಿನ ಮಡಿಲು, ಆಮೇಲೆ ಊರಾಚೆಯ ನೈಸ್ ರಸ್ತೆಯ ಅಂಚು.

ಕಟ್ಟಡವಿಲ್ಲದ ನಮಗೆ ಪೂರ್ವಜರಿದ್ದಾರೆಯೇ ಎಂದು ಹುಡುಕಿದರೆ ದಾರಿ ಲಂಡನ್ನಿನ ಹಾಲೋವೆಗೆ ಹೋಗುತ್ತದೆ. 1860ರಲ್ಲಿ ಸಾರಾ ಮೇಜರ್ ಎಂಬಾಕೆ ಕ್ಯಾನನ್‌ಬರಿ ಚೌಕದ ಬೀದಿಯಲ್ಲಿ ಹಸಿವಿನಿಂದ ಸಾಯುತ್ತಿದ್ದ ನಾಯಿಯೊಂದನ್ನು ಕಂಡು ಎತ್ತಿಕೊಂಡು ಹೋದದ್ದು ಗೆಳತಿ ಮೇರಿ ಟೀಲ್ಬಿಯ ಮನೆಗೆ. ಇಬ್ಬರೂ ಆರೈಕೆ ಮಾಡಿದರೂ ನಾಯಿ ಉಳಿಯಲಿಲ್ಲ. ಟೀಲ್ಬಿ ಅಲ್ಲಿಗೆ ಬಿಡಲಿಲ್ಲ. ತನ್ನ ಮನೆಯ ಪಾತ್ರೆ ತೊಳೆಯುವ ಕೋಣೆಯಲ್ಲೇ ಬೀದಿಯ ನಾಯಿಗಳನ್ನು ಇಟ್ಟುಕೊಳ್ಳತೊಡಗಿದಳು. ಆಗ ಆಕೆಗೆ ಅರವತ್ತರ ಹತ್ತಿರ ವಯಸ್ಸು, ಗಂಡನಿಂದ ದೂರವಿದ್ದಳು, ಕೈಯಲ್ಲಿ ಹಣವೂ ಹೆಚ್ಚಿರಲಿಲ್ಲ. ಆ ಪಾತ್ರೆ ತೊಳೆಯುವ ಕೋಣೆಯ ಚಿತ್ರ ನನಗೆ ಬಹಳ ಪರಿಚಿತ. ನಮ್ಮ ಬಳಗದ ಮೊದಲ ನಾಯಿ ಉಳಿದದ್ದೂ ಬಟ್ಟೆ ಒಗೆಯುವ ಮಷಿನ್ನಿನ ಪಕ್ಕದಲ್ಲಿ.

ಕೋಣೆ ಸಾಲದಾದಾಗ ಹಾಲಿಂಗ್ಸ್‌ವರ್ತ್ ಬೀದಿಯ ಕುದುರೆಲಾಯದಲ್ಲಿ ಜಾಗ ಹಿಡಿದರು. ಇಟ್ಟ ಹೆಸರು ‘ಕಳೆದುಹೋದ ಮತ್ತು ಹಸಿದ ನಾಯಿಗಳ ತಾತ್ಕಾಲಿಕ ಮನೆ’. ‘ಟೈಮ್ಸ್’ ಪತ್ರಿಕೆ ಗೇಲಿ ಮಾಡಿತು: ಮನುಷ್ಯರೇ ಹಸಿದಿರುವಾಗ ನಾಯಿಗೆ ಮನೆಯೇ? ಈ ಪ್ರಶ್ನೆಗೆ ಈಗ ನೂರಾ ಅರವತ್ತು ವರ್ಷ ದಾಟಿದೆ, ಆದರೂ ಮುಪ್ಪಾಗಿಲ್ಲ. ಕಳೆದ ವಾರ ಮೆಡಿಕಲ್ ಶಾಪಿನಲ್ಲಿ ನನ್ನನ್ನೂ ಒಬ್ಬರು ಕೇಳಿದರು. ಎರಡು ವರ್ಷದ ನಂತರ, 1862ರಲ್ಲಿ, ಡಿಕನ್ಸ್ ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಬಂದ ಬರಹವೊಂದು ಇಸ್ಲಿಂಗ್‌ಟನ್ನಿನ ಭರ್ಜರಿ ಶ್ವಾನ ಪ್ರದರ್ಶನವನ್ನೂ ಹತ್ತಿರದಲ್ಲೇ ಇದ್ದ ಈ ಬಡ ಮನೆಯನ್ನೂ ಅಕ್ಕಪಕ್ಕ ಇಟ್ಟು ನೋಡಿತು. ಆಮೇಲೆ ಜನರ ಧಾಟಿ ಸ್ವಲ್ಪ ಬದಲಾಯಿತು. ಟೀಲ್ಬಿ 1865ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಮನೆ 1871ರಲ್ಲಿ ಥೇಮ್ಸ್ ನದಿಯ ಆಚೆ ಬ್ಯಾಟರ್ಸಿಗೆ ಹೋಯಿತು, ಇಂದಿಗೂ ಅಲ್ಲೇ ಇದೆ.

‘ತಾತ್ಕಾಲಿಕ’ ಎಂಬ ಪದವನ್ನು ಟೀಲ್ಬಿ ಹೆಸರಿನಲ್ಲೇ ಸೇರಿಸಿದ್ದು ಸುಮ್ಮನೆ ಅಲ್ಲ. ನಾಯಿ ಬರಬೇಕು, ಚೇತರಿಸಿಕೊಳ್ಳಬೇಕು, ಹಳೆಯ ಮನೆಗೋ ಹೊಸ ಮನೆಗೋ ಹೋಗಬೇಕು. ಆದರೆ ಆ ಪದಕ್ಕೆ ಇನ್ನೊಂದು ಅರ್ಥವೂ ಬೇಗ ಬಂತು. 1867ರ ಕಾನೂನು ಲಂಡನ್ನಿನ ಪೊಲೀಸರಿಗೆ ಬೀದಿನಾಯಿ ಹಿಡಿಯುವ ಅಧಿಕಾರ ಕೊಟ್ಟಿತು; ಮೂರು ದಿನದಲ್ಲಿ ಯಾರೂ ಬಂದು ಕೇಳದಿದ್ದರೆ ಮಾರಬಹುದು, ಇಲ್ಲವೇ ಕೊಲ್ಲಬಹುದು. ಹಿಡಿದ ನಾಯಿಗಳು ಬ್ಯಾಟರ್ಸಿಗೆ ಹರಿದು ಬಂದವು. 1884ರಲ್ಲಿ ಡಾ. ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ರೂಪಿಸಿದ, ಅನಿಲ ತುಂಬಿ ನೋವಿಲ್ಲದೆ ಕೊಲ್ಲುವ ಕೋಣೆಯೊಂದನ್ನು ಅಲ್ಲಿ ಕಟ್ಟಿದರು. ಮರುವರ್ಷ ವಿಕ್ಟೋರಿಯಾ ರಾಣಿ ಪೋಷಕಿಯಾದಳು. ರಾಣಿಯ ಹೆಸರನ್ನು ಮಾತ್ರ ಹೇಳಿ ಅನಿಲದ ಕೋಣೆಯನ್ನು ಬಿಡುವುದು ಸ್ಮರಣ ಸಂಚಿಕೆಗಳ ವಾಡಿಕೆ. ನಾನು ಎರಡನ್ನೂ ಹೇಳುತ್ತಿದ್ದೇನೆ. ಬ್ಯಾಟರ್ಸಿಯವರು ಕೆಟ್ಟವರಾಗಿದ್ದರೆಂದಲ್ಲ. ಗೂಡುಗಳು ಇಷ್ಟು, ಬರುವ ನಾಯಿಗಳು ಅಷ್ಟು. ಒಂದು ಗೂಡು ತೆರವಾಗದೆ ಇನ್ನೊಂದು ನಾಯಿ ಒಳಗೆ ಬರಲಾರದು. ಎಲ್ಲ ಕೆನಲ್ಲುಗಳ ಲೆಕ್ಕವೂ ಇದೇ. ಗೂಡಿಗೆ ಬದಲು ಊರಿನ ಮನೆಗಳನ್ನೇ ಬಳಸಿದರೆ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ. ಸದ್ಯಕ್ಕೆ ಸಾಕಿ ಕಳಿಸುವ ‘ಫಾಸ್ಟರ್ ಮನೆ’ಯ ತಿರುಳು ಇಷ್ಟೇ. ಈಗ ಬ್ಯಾಟರ್ಸಿಯೂ ಸ್ವಯಂಸೇವಕರ ಮನೆಗಳಿಗೆ ನಾಯಿಗಳನ್ನು ಕೊಟ್ಟು ಸಾಕಿಸುತ್ತದೆ. ಅಲ್ಲಿಂದ ಹೊರಟ ಸಣ್ಣ ನಾಯಿಗಳ ಪೈಕಿ ಇಬ್ಬರ ಅದೃಷ್ಟ ಜಗತ್ತಿಗೇ ಗೊತ್ತು: ಬೆತ್ ಮತ್ತು ಬ್ಲೂಬೆಲ್ ಎಂಬ ಜ್ಯಾಕ್ ರಸೆಲ್‌ಗಳು. ಅವುಗಳನ್ನು ಮನೆಗೆ ಕರೆದೊಯ್ದವರು ಈಗಿನ ರಾಣಿ ಕಮಿಲ್ಲಾ.

ಇಲ್ಲಿಂದ ಬೆಂಗಳೂರಿಗೆ ಬರಲು ಒಬ್ಬರ ಜೀವನ ಸಾಕು. ಕ್ರಿಸ್ಟಲ್ ರೋಜರ್ಸ್ 1906ರಲ್ಲಿ ಹುಟ್ಟಿದ ಇಂಗ್ಲಿಷ್ ಹೆಂಗಸು. 1959ರಲ್ಲಿ ಭಾರತಕ್ಕೆ ಬಂದಾಗ ರಸ್ತೆಬದಿಯಲ್ಲಿ ಸಾಯುತ್ತ ಬಿದ್ದಿದ್ದ ಕುದುರೆಯನ್ನು ಕಾಗೆಗಳು ಕುಕ್ಕುತ್ತಿದ್ದುದನ್ನು ಕಂಡು ಮುಂದಿನ ಪ್ರಯಾಣವನ್ನೇ ಬಿಟ್ಟರು. ದೆಹಲಿಯಲ್ಲಿ ಪ್ರಾಣಿಗಳಿಗೊಂದು ಆಶ್ರಯ, 1980ರಲ್ಲಿ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’, ಆಮೇಲೆ 1991ರಲ್ಲಿ ಬೆಂಗಳೂರಿನಲ್ಲಿ ‘ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್’. ಜನ ಕರೆಯುವುದು ‘ಕ್ಯೂಪಾ’ ಎಂದು. ಎಂಬತ್ತೈದರ ಪ್ರಾಯದಲ್ಲಿ ಹೊಸ ಊರಿನಲ್ಲಿ ಹೊಸ ಸಂಸ್ಥೆ ಶುರು ಮಾಡಿದವರು ಅವರು. 1996ರಲ್ಲಿ ತೀರಿಕೊಂಡರು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆವರಣದ ಕ್ಯೂಪಾ ಆಶ್ರಯಕ್ಕೆ ಗಾಯಗೊಂಡ ಬೀದಿನಾಯಿಯನ್ನು ಹೊತ್ತುಕೊಂಡು ಹೋಗದ ಪ್ರಾಣಿಪ್ರಿಯರು ನಮ್ಮ ತಲೆಮಾರಿನಲ್ಲಿ ಕಡಿಮೆ. ಮನೆಯಿಂದ ಹೊರದಬ್ಬಿಸಿಕೊಂಡ ಸಾಕುನಾಯಿಗಳಿಗೆಂದೇ ‘ಸೆಕೆಂಡ್ ಚಾನ್ಸ್’ ಎಂಬ ದತ್ತು ಕೇಂದ್ರವನ್ನೂ ಕ್ಯೂಪಾದವರು ತೆರೆದರು. ನಮ್ಮ ಬಳಗ ಅವರ ಶಾಖೆಯಲ್ಲ. ಆದರೆ ಈ ಊರಿನಲ್ಲಿ ಇದೂ ಮಾಡುವ ಕೆಲಸವೇ ಎಂಬ ಧೈರ್ಯ ಬಂದದ್ದು ಅಂಥವರಿಂದ.

ಬೀದಿನಾಯಿಗೂ ಬೀದಿಗೆ ಬಿದ್ದ ನಾಯಿಗೂ ಇರುವ ವ್ಯತ್ಯಾಸ ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. 2001ರಲ್ಲಿ ಬಂದು 2023ರಲ್ಲಿ ಹೊಸದಾದ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಅದಕ್ಕೆ ಆ ಬೀದಿ ಗೊತ್ತು, ಯಾವ ಬೇಕರಿಯವನು ಬನ್ ಹಾಕುತ್ತಾನೆ, ಯಾವ ಗೇಟಿನವನು ಕೋಲು ಎತ್ತುತ್ತಾನೆ ಎಲ್ಲವೂ ಗೊತ್ತು. ಮನೆಯಲ್ಲೇ ಬೆಳೆದ ಶಿಟ್ಸು ನಾಯಿಯೊಂದನ್ನು ‘ಸಿಕ್ಕ ಜಾಗಕ್ಕೇ ಬಿಡುವುದು’ ಎಂದರೆ ಏನರ್ಥ? ಅದು ಸಿಕ್ಕ ಜಾಗ ಅದರದ್ದಲ್ಲ. ಅದಕ್ಕೆ ಟ್ರಾಫಿಕ್ ತಿಳಿಯದು, ಬೀದಿಯ ಹಳೇ ನಾಯಿಗಳ ಗಡಿ ತಿಳಿಯದು, ತಿಪ್ಪೆ ಕೆದಕಲೂ ಬಾರದು. ಬಿಟ್ಟುಹೋದವರಿಗೆ ಶಿಕ್ಷೆ ಇಲ್ಲವೇ ಎಂದರೆ ಇದೆ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿ ಹಟ ಹಿಡಿದದ್ದರ ಫಲವಾಗಿ ಬಂದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಸಾಕುಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಆ ದುಡ್ಡಿಗೆ ಈಗ ಬೆಂಗಳೂರಿನಲ್ಲಿ ಒಂದು ಮಸಾಲೆದೋಸೆಯೂ ಕಷ್ಟ.

ನೋಟ್‌ಬುಕ್ಕಿನ ಪುಟ ತಿರುವಿದರೆ ಊರಿನ ಶೋಕಿಯ ಚರಿತ್ರೆಯೇ ಸಿಗುತ್ತದೆ. ನಾವು ಚಿಕ್ಕವರಿದ್ದಾಗ ಬಿಳಿ ಕೂದಲಿನ ಸಣ್ಣ ನಾಯಿಗಳೆಲ್ಲ ‘ಪಾಮೇರಿಯನ್’. ಅವುಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್ ಎಂಬುದು ಮಾರಿದವರಿಗೂ ಗೊತ್ತಿರಲಿಲ್ಲ, ಕೊಂಡವರಿಗೂ ಗೊತ್ತಿರಲಿಲ್ಲ. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫಿ ಅದೇ ಜಾತಿಯದು. 2003ರಲ್ಲಿ ಹಚ್ ಮೊಬೈಲಿನ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪಗ್ ಬಂದ ಮೇಲೆ ಆ ಜಾತಿಗೆ ನಮ್ಮಲ್ಲಿ ‘ಹಚ್ ನಾಯಿ’ ಎಂದೇ ಹೆಸರಾಯಿತು. ಕಂಪನಿಯ ಹೆಸರು ಬದಲಾದರೂ ನಾಯಿಯ ಹೆಸರು ಬದಲಾಗಲಿಲ್ಲ. ಜಾಹೀರಾತಿನಲ್ಲಿ ತೋರಿಸದೇ ಇದ್ದದ್ದು ಏನೆಂದರೆ ಆ ಚಪ್ಪಟೆ ಮೂತಿಯ ನಾಯಿ ಏಪ್ರಿಲ್ ಬಿಸಿಲಿನಲ್ಲಿ ಹಾಗೆ ಹುಡುಗನ ಹಿಂದೆ ಓಡಿದರೆ ಉಸಿರು ಸಿಕ್ಕಿಕೊಂಡು ಬಿದ್ದುಹೋಗುತ್ತದೆ. ಹೊರಚಾಚಿದ ಕಣ್ಣಿಗೆ ಒಂದು ಮುಳ್ಳು ತಗುಲಿದರೆ ಹುಣ್ಣಾಗುತ್ತದೆ. ಲಾಕ್‌ಡೌನ್ ಕಾಲಕ್ಕೆ ಶಿಟ್ಸುಗಳ ಸರದಿ. ಮನೆಯಿಂದ ಕೆಲಸ ಮಾಡುವವರಿಗೆ ಜೊತೆ ಬೇಕಿತ್ತು, ಆಫೀಸು ತೆರೆದಾಗ ಬೇಡವಾಯಿತು. ಕನ್ನಡದಲ್ಲಿ ‘ಸಾಕು’ ಎಂಬುದಕ್ಕೆ ಎರಡು ಅರ್ಥ. ಒಂದನ್ನು ನಂಬಿ ಮನೆಗೆ ಬಂದ ನಾಯಿ ಇನ್ನೊಂದನ್ನು ಕೇಳಿಸಿಕೊಂಡು ಹೊರಗೆ ಹೋಗುತ್ತದೆ.

ಇವೆಲ್ಲದರ ಹಿಂದೆ ಬ್ರೀಡರ್ ಇದ್ದಾನೆ. 2022ರ ‘777 ಚಾರ್ಲಿ’ಯಲ್ಲಿ ಅಂಥವನ ಶೆಡ್ಡಿನಿಂದ ತಪ್ಪಿಸಿಕೊಂಡು ಬಂದ ನಾಯಿಯನ್ನು ಕಂಡು ಕನ್ನಡಿಗರು ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡರು, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೂ ಅತ್ತರು. 2017ರ ನಿಯಮಗಳ ಪ್ರಕಾರ ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ನಮಗೆ ಸಿಕ್ಕ ಹೆಣ್ಣು ಶಿಟ್ಸುವೊಂದಕ್ಕೆ ಆ ನಿಯಮ ಓದಿ ಹೇಳಿದವರು ಯಾರೂ ಇರಲಿಲ್ಲ. ಹೆಸರಘಟ್ಟದ ಕಡೆ ಚರಂಡಿಯ ಪಕ್ಕ ಕೂತಿತ್ತು. ಕೂದಲು ಗಂಟುಗಂಟಾಗಿ ಕಂಬಳಿಯಂತೆ ಮೈಗೆ ಅಂಟಿತ್ತು. ಕತ್ತರಿಸಿ ತೆಗೆದ ಮೇಲೆ ಉಳಿದ ತೂಕ 3.8 ಕಿಲೋ. ಮೊಲೆಗಳು ಜೋತುಬಿದ್ದಿದ್ದವು, ಹಲ್ಲು ಅರ್ಧ ಉದುರಿತ್ತು, ಗರ್ಭಕೋಶದಲ್ಲಿ ಕೀವು. ಶಸ್ತ್ರಚಿಕಿತ್ಸೆಗೆ ಹಣ ಒಟ್ಟು ಮಾಡಿ ಬದುಕಿಸಿದೆವು. ನನ್ನ ಮನೆಯಲ್ಲಿತ್ತು. ನಾಲ್ಕು ದಿನ ಹೊಸ್ತಿಲು ದಾಟಲಿಲ್ಲ, ಹೆದರಿಕೆಯಿಂದಲ್ಲ. ಸಮತಟ್ಟಲ್ಲದ ನೆಲದ ಮೇಲೆ ನಡೆದು ಅದಕ್ಕೆ ಅಭ್ಯಾಸವೇ ಇರಲಿಲ್ಲ. ಪಾರ್ಕಿನ ಹುಲ್ಲಿನ ಮೇಲೆ ಮೊದಲ ಸಲ ಇಳಿಸಿದಾಗ ಒಂದೊಂದೇ ಕಾಲನ್ನು ಎತ್ತಿ ಎತ್ತಿ ಇಟ್ಟಿತು, ಬಿಸಿ ಬಾಣಲೆಯ ಮೇಲೆ ನಿಂತ ಹಾಗೆ. ರಾಗಿ ಎಂದು ಹೆಸರಿಟ್ಟೆವು.

ಕೆಲಸದ ವಿವರಗಳಲ್ಲಿ ನಾವು ಕಲಿತದ್ದೆಲ್ಲ ಪೆಟ್ಟು ತಿಂದು ಕಲಿತದ್ದು. ಆರಂಭದಲ್ಲಿ ಬಂದ ಮರಿಯನ್ನು ಬಂದ ದಿನವೇ ಉಳಿದ ಮರಿಗಳ ಜೊತೆ ಬಿಟ್ಟೆವು. ಅದಕ್ಕೆ ಪಾರ್ವೋ ಇತ್ತು. ಒಂದೇ ವಾರದಲ್ಲಿ ಮೂರು ಮರಿಗಳು ರಕ್ತಭೇದಿಯಾಗಿ ಸತ್ತವು. ಫಿನಾಯಿಲ್ ಹಾಕಿ ನೆಲ ಒರೆಸಿ ಶುದ್ಧವಾಯಿತೆಂದು ತಿಳಿದದ್ದು ಎರಡನೇ ತಪ್ಪು. ಆ ವೈರಸ್ಸಿಗೆ ಫಿನಾಯಿಲ್ ನೆಚ್ಚುವಂಥದ್ದಲ್ಲ, ಬ್ಲೀಚ್ ಬೇಕು, ಇಲ್ಲದಿದ್ದರೆ ತಿಂಗಳುಗಟ್ಟಲೆ ನೆಲದಲ್ಲೇ ಉಳಿಯುತ್ತದೆ. ಆ ಮನೆಯಲ್ಲಿ ಒಂದು ವರ್ಷ ಲಸಿಕೆ ಹಾಕಿಸದ ಮರಿಗಳನ್ನು ಇಡಲಿಲ್ಲ. ಅಂದಿನಿಂದ ಹೊಸದಾಗಿ ಬಂದ ನಾಯಿಗೆ ಹದಿನೈದು ದಿನ ಪ್ರತ್ಯೇಕ ವಾಸ, ಬೇರೆ ತಟ್ಟೆ, ಬೇರೆ ಚಪ್ಪಲಿ. ನಮ್ಮ ಅಜ್ಜಿ ಇದ್ದಿದ್ದರೆ ‘ಮಡಿ’ ಎನ್ನುತ್ತಿದ್ದರು, ಮೆಚ್ಚುತ್ತಲೂ ಇದ್ದರು.

ಉಣ್ಣೆಜ್ವರ ಬೆಂಗಳೂರಿನಲ್ಲಿ ಮನೆಮಾತು. ಜ್ವರ ಬಂದು ಒಸಡು ಬಿಳಿಚಿಕೊಂಡರೆ ರಕ್ತ ಪರೀಕ್ಷೆ, ಎರ್ಲಿಕಿಯಾ ಎಂದು ತಿಳಿದರೆ ಡಾಕ್ಸಿಸೈಕ್ಲಿನ್ ಮಾತ್ರೆ ಇಪ್ಪತ್ತೆಂಟು ದಿನ. ಮಧ್ಯದಲ್ಲಿ ನಾಯಿ ಚೂಟಿಯಾಯಿತೆಂದು ಮಾತ್ರೆ ನಿಲ್ಲಿಸುವವರನ್ನು ನಾವು ಫೋನ್ ಮಾಡಿ ಮಾಡಿ ಪೀಡಿಸುತ್ತೇವೆ. ಸಣ್ಣ ಜಾತಿಯ ಎಳೆ ಮರಿ ಒಂದು ಹೊತ್ತು ಉಪವಾಸ ಬಿದ್ದರೂ ಸಕ್ಕರೆ ಇಳಿದು ತೂರಾಡುತ್ತದೆ. ಫಾಸ್ಟರ್ ಮನೆಯ ಫ್ರಿಜ್ ಮೇಲೆ ಜೇನುತುಪ್ಪದ ಶೀಸೆ ಇರುವುದು ಅದಕ್ಕೇ. ಡ್ಯಾಷ್‌ಹಂಡ್ ಬಂದರೆ ಮಂಚದಿಂದ ಧುಮುಕದಂತೆ, ಮೆಟ್ಟಿಲು ಹತ್ತದಂತೆ ನೋಡಿಕೊಳ್ಳಬೇಕು. ಉದ್ದ ಬೆನ್ನಿನ ನಾಯಿ, ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿದರೆ ಹಿಂಗಾಲು ಎಳೆದುಕೊಂಡು ಓಡಾಡುವ ಸ್ಥಿತಿ.

ದತ್ತು ಕೇಳಿ ಬಂದವರ ಮನೆಗೆ ಹೋಗಿ ನೋಡುವುದಕ್ಕೆ ನಮ್ಮಲ್ಲಿ ‘ಹೋಮ್ ಚೆಕ್’ ಎನ್ನುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೇ, ಉಪ್ಪಿಟ್ಟು ಕಾಫಿ ಕೂಡ ಕೊಡುತ್ತಾರೆ, ಆದರೆ ಇಲ್ಲಿ ಪರೀಕ್ಷೆ ಗಂಡಿನ ಮನೆಯವರಿಗೆ. ಮೊದಲು ನೋಡುವುದು ಬಾಲ್ಕನಿಯ ಸರಳುಗಳ ನಡುವಿನ ಸಂದು. ನಮ್ಮ ಅಂಗೈ ಹೋದರೆ ಪಾಮ್ ಮರಿಯ ತಲೆ ಹೋಗುತ್ತದೆ. ಮನೆ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕಬಾರದೆಂದು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಅದರ ಜೆರಾಕ್ಸ್ ಪ್ರತಿ ನಮ್ಮ ಚೀಲದಲ್ಲಿ ಸದಾ ಇರುತ್ತದೆ. 2018ರಲ್ಲಿ ಪಾಲಿಕೆ ಒಂದು ಫ್ಲಾಟಿಗೆ ಒಂದೇ ನಾಯಿ ಎಂಬ ನಿಯಮ ತರಹೊರಟಾಗ ನಮ್ಮಲ್ಲಿ ಅನೇಕರಿಗೆ ನಿದ್ದೆ ಬರಲಿಲ್ಲ. ಸ್ವಂತದ್ದೊಂದು ನಾಯಿ ಇರುವವರು ಇನ್ನೊಂದನ್ನು ಹದಿನೈದು ದಿನಕ್ಕೂ ಇಟ್ಟುಕೊಳ್ಳುವಂತಿಲ್ಲವಲ್ಲ! ಊರಿನ ವಿರೋಧ ಜೋರಾಗಿ ಅದು ನಿಂತಿತು.

ಇನ್ನು ‘ಫಾಸ್ಟರ್ ಫೇಲ್’. ತಾತ್ಕಾಲಿಕವಾಗಿ ತಂದ ನಾಯಿಯನ್ನು ಬಿಡಲಾರದೆ ತಾವೇ ಇಟ್ಟುಕೊಂಡುಬಿಡುವವರಿಗೆ ನಾವೆಲ್ಲ ನಗುತ್ತ ಕೊಡುವ ಬಿರುದು ಇದು. ಕೇಕ್ ಕತ್ತರಿಸುವುದೂ ಉಂಟು. ನನ್ನ ಅಭಿಪ್ರಾಯ ಕಠಿಣ ಅನ್ನಿಸಬಹುದು: ಅದು ನಿಜವಾಗಿಯೂ ಫೇಲೇ. ನಾಯಿಗೆ ಮನೆ ಸಿಕ್ಕಿತು, ಒಪ್ಪುತ್ತೇನೆ; ಆದರೆ ಒಂದು ದಾರಿಮನೆ ಮುಚ್ಚಿತು. ಆ ಮನೆಯ ಮೂಲಕ ಹಾದುಹೋಗಬೇಕಿದ್ದ ಹತ್ತು ನಾಯಿಗಳಿಗೆ ಈಗ ಜಾಗವಿಲ್ಲ. ಬ್ಯಾಟರ್ಸಿಯ ಗೂಡಿನ ಲೆಕ್ಕವೇ ಸೋಫಾದ ಮೇಲೆ ಬಂದು ಕೂತಂತಾಯಿತು. ಬಸುರಿ ಮಗಳನ್ನು ಕರೆತಂದು, ಬಾಣಂತನ ಮಾಡಿ, ಐದನೇ ತಿಂಗಳಿಗೆ ಮಡಿಲು ತುಂಬಿ ಕಳಿಸಿಕೊಡುವುದು ನಮ್ಮ ಹೆಂಗಸರಿಗೆ ಗೊತ್ತಿರುವ ವಿದ್ಯೆ. ಕಳಿಸದೇ ಇಟ್ಟುಕೊಂಡರೆ ಅದು ತವರಲ್ಲ. ಬಳಗದ ಸಭೆಯಲ್ಲಿ ಇದನ್ನು ಹೇಳಿ ಬೈಸಿಕೊಂಡಿದ್ದೇನೆ.

ರಾಗಿಯನ್ನು ನಾನು ಕಳಿಸಿಕೊಟ್ಟೆ. ಮೈಸೂರಿನ ನಿವೃತ್ತ ದಂಪತಿ, ಹಿತ್ತಲಿರುವ ಮನೆ. ಕಾರಿನ ಕಿಟಕಿಯಿಂದ ನನ್ನ ಕಡೆ ನೋಡಿತೋ ಇಲ್ಲವೋ ನೆನಪಿಲ್ಲ, ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಈಗಲೂ ತಿಂಗಳಿಗೊಂದು ವಿಡಿಯೊ ಬರುತ್ತದೆ: ಮಳೆ ನಿಂತ ಮೇಲೆ ಒದ್ದೆ ಹುಲ್ಲಿನಲ್ಲಿ ಉರುಳಾಡುವ ರಾಗಿ, ಹಿಂದೆ ಟವೆಲ್ ಹಿಡಿದು ಬೈಯುವ ಯಜಮಾನತಿ. ಎಲ್ಲವೂ ಹೀಗೆ ಮುಗಿಯುವುದಿಲ್ಲ. ವರ್ಗವಾಯಿತು, ಮಗು ಹುಟ್ಟಿತು, ಅತ್ತೆಗೆ ಆಸ್ತಮಾ ಎಂದು ವಾಪಸು ಬರುವವೂ ಇವೆ. ಆಗ ಬೈಯದೆ ತೆಗೆದುಕೊಳ್ಳಬೇಕೆಂಬುದು ನಮ್ಮ ನಿಯಮ. ಬೈದರೆ ಮುಂದಿನವರು ನಮ್ಮ ಬಾಗಿಲಿಗೆ ಬರುವುದಿಲ್ಲ, ನೈಸ್ ರಸ್ತೆಗೆ ಹೋಗುತ್ತಾರೆ.

ನೋಟ್‌ಬುಕ್ಕಿನಲ್ಲಿ ಸದ್ಯಕ್ಕೆ ಕೊನೆಯ ಸಾಲು ಹೀಗಿದೆ: ಡ್ಯಾಷ್‌ಹಂಡ್, ಗಂಡು, ವಯಸ್ಸು ಎಂಟರ ಆಸುಪಾಸು, ಕೆಂಗೇರಿ ಬಸ್ ನಿಲ್ದಾಣದ ಹಿಂದೆ, 7.4 ಕಿಲೋ. ‘ಯಾರ ಮನೆಯಲ್ಲಿ’ ಎಂಬ ಕಾಲಂ ಖಾಲಿ ಇದೆ. ಉಣ್ಣೆಜ್ವರದ ಮಾತ್ರೆ ಮುಗಿಯಲು ಇನ್ನೂ ಹನ್ನೊಂದು ದಿನ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ನೆಲಮಹಡಿಯಲ್ಲಿದ್ದರೆ ಸಭಾಂಗಣದ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಕೊಡಿ. ನಾಯಿಗೆ ಮೆಟ್ಟಿಲು ಕೂಡದು.